ಟಿಫಿನ್ ಡಬ್ಬದಲ್ಲಿ 1.4 ಕಿಲೋ ಗೋಡಂಬಿ: ಒಂದು ವಜಾ ಪ್ರಕರಣದ ಪೂರ್ತಿ ಕಡತ

ಈ ಪ್ರಕರಣವನ್ನು ಕಲಿಕೆಗಾಗಿ ಕಟ್ಟಲಾಗಿದೆ. ಕಾರ್ಖಾನೆಯೂ ಅದರ ಜನರೂ ಕಲ್ಪಿತ. ಕಾನೂನು, ಲೆಕ್ಕಾಚಾರ, ಕಾಗದಪತ್ರದ ದಾರಿ ಮತ್ತು ಮಾಲೀಕರು ಎಡವುವ ಜಾಗಗಳು ನಿಜವಾದವು. ಘಟನೆಯನ್ನು 2024ರಲ್ಲಿ, ಹಳೆಯ ಕಾರ್ಮಿಕ ಕಾಯ್ದೆಗಳು ಜಾರಿಯಲ್ಲಿದ್ದ ಕಾಲದಲ್ಲಿ ಇಟ್ಟಿದ್ದೇವೆ. ಈಗ ಏನು ಬದಲಾಗಿದೆ ಎಂಬುದು ಕೊನೆಯ ಭಾಗದಲ್ಲಿದೆ.

ಉಡುಪಿ ಜಿಲ್ಲೆಯ ಕಾರ್ಕಳ ತಾಲ್ಲೂಕಿನಲ್ಲಿ ಒಂದು ಗೇರುಬೀಜದ ಕಾರ್ಖಾನೆ. 140 ಮಂದಿ ಕೆಲಸಗಾರರು, ಹೆಚ್ಚಿನವರು ಹೆಂಗಸರು. ಬೀಜ ಬೇಯಿಸುವುದರಿಂದ ಹಿಡಿದು ಕಟಿಂಗ್, ಬೋರ್ಮಾದಲ್ಲಿ ಒಣಗಿಸುವುದು, ಸಿಪ್ಪೆ ತೆಗೆಯುವುದು, ಗ್ರೇಡಿಂಗ್, ಪ್ಯಾಕಿಂಗ್ ಎಲ್ಲವೂ ಒಂದೇ ಆವರಣದಲ್ಲಿ. ಪ್ಯಾಕಿಂಗ್ ವಿಭಾಗದ ಒಬ್ಬ ಕಾರ್ಮಿಕೆ 2012ರ ನವೆಂಬರ್‌ನಲ್ಲಿ ಕೆಲಸಕ್ಕೆ ಸೇರಿದವರು. ದಿನಕ್ಕೆ 550 ರೂಪಾಯಿ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ 14,300 ರೂಪಾಯಿ ಸಂಬಳ. ಅವರ ಕಡತದಲ್ಲಿ ಒಂದೇ ಒಂದು ಮೆಮೊ ಇಲ್ಲ.

2024ರ ಜುಲೈ 10, ಬುಧವಾರ ಸಂಜೆ 5.30. ಕೆಲಸ ಬಿಟ್ಟು ಹೊರಡುವಾಗ ಗೇಟಿನಲ್ಲಿ ಮಹಿಳಾ ಕಾವಲುಗಾರರು ಚೀಲ ನೋಡಿದರು. ಮೂರು ಹಂತದ ಟಿಫಿನ್ ಕ್ಯಾರಿಯರ್‌ನ ಕೆಳಗಿನ ಎರಡು ಡಬ್ಬಗಳಲ್ಲಿ ಇಡೀ ಗೋಡಂಬಿ. ತೂಗಿದಾಗ 1.4 ಕಿಲೋ. ಆ ದಿನದ ಮಾರಾಟದ ದರ ಕಿಲೋಗೆ 800 ರೂಪಾಯಿ. ಒಟ್ಟು 1,120 ರೂಪಾಯಿ.

ಕಾವಲುಗಾರರು ಆ ಹೊತ್ತಿಗೆ ಮಾಡಿದ್ದೆಲ್ಲ ಸರಿಯಾಗಿತ್ತು. ಹೆಂಗಸಿನ ಚೀಲವನ್ನು ಹೆಂಗಸೇ ನೋಡಿದರು. ಪಕ್ಕದಲ್ಲಿದ್ದ ಇಬ್ಬರು ಕಾರ್ಮಿಕೆಯರ ಎದುರೇ ತೂಕವಾಯಿತು. ಗೋಡಂಬಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಅರಗು ಹಚ್ಚಿ, ಚೀಟಿಯ ಮೇಲೆ ದಿನಾಂಕ, ಗಂಟೆ, ತೂಕ ಬರೆದು ಮೂವರೂ ಸಹಿ ಹಾಕಿದರು. ಮುಂದೆ ಇಡೀ ಪ್ರಕರಣ ನಿಂತದ್ದು ಈ ಹತ್ತು ನಿಮಿಷದ ಕೆಲಸದ ಮೇಲೆ.

ಕೆಟ್ಟದ್ದು ಅದರ ನಂತರದ ಎರಡೂವರೆ ಗಂಟೆ.

ಮ್ಯಾನೇಜರ್ ಆ ಕಾರ್ಮಿಕೆಯನ್ನು ಆಫೀಸಿನಲ್ಲಿ ರಾತ್ರಿ ಎಂಟರವರೆಗೆ ಕೂರಿಸಿದರು. ಪೊಲೀಸರನ್ನು ಕರೆಸುತ್ತೇನೆ ಎಂದು ಹೆದರಿಸಿದರು. ರೈಟರ್ ಕೈಯಲ್ಲಿ ಬರೆಸಿದ ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು: "ನಾನು ಮೂರು ತಿಂಗಳಿಂದ ಗೋಡಂಬಿ ಕದಿಯುತ್ತಿದ್ದೆ, 46 ಕಿಲೋ ಕೊರತೆಗೆ ನಾನೇ ಕಾರಣ." ಕೊನೆಗೆ, "ನಾಳೆಯಿಂದ ಬರುವುದು ಬೇಡ" ಎಂದರು. ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಬಂದಾಗ ಗೇಟಿನಿಂದಲೇ ವಾಪಸು ಕಳುಹಿಸಲಾಯಿತು. ಶುಕ್ರವಾರವೂ ಹಾಗೆಯೇ ಆಯಿತು.

ಇಲ್ಲಿ ಮೂರು ತಪ್ಪುಗಳಿವೆ, ಮೂರೂ ದುಬಾರಿ. ಇಷ್ಟವಿಲ್ಲದವರನ್ನು ಕೋಣೆಯಲ್ಲಿ ಕೂರಿಸಿಟ್ಟರೆ ಅಪರಾಧದ ಪ್ರಶ್ನೆ ಮಾಲೀಕರ ಕಡೆಗೆ ತಿರುಗುತ್ತದೆ. ಹೆದರಿಸಿ ಬರೆಸಿಕೊಂಡ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಬೇರೆಯವರ ಕೈಬರಹ, ರಾತ್ರಿಯ ಹೊತ್ತು, ಒಬ್ಬ ಹೆಂಗಸಿನ ಸುತ್ತ ನಾಲ್ವರು ಗಂಡಸರು ಎಂಬಷ್ಟು ಗೊತ್ತಾದರೆ ಯಾವ ನ್ಯಾಯಾಧೀಶರೂ ಅದನ್ನು ಪಕ್ಕಕ್ಕಿಡುತ್ತಾರೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. "ನಾಳೆಯಿಂದ ಬರುವುದು ಬೇಡ" ಎಂಬ ಮಾತು ಕಾನೂನಿನ ಕಣ್ಣಿಗೆ ಕೆಲಸದಿಂದ ತೆಗೆದುಹಾಕಿದಂತೆಯೇ. ಆಪಾದನೆ ಇಲ್ಲ, ವಿಚಾರಣೆ ಇಲ್ಲ, ಆದೇಶವೂ ಇಲ್ಲ. ಆ ದಿನವೇ ಅವರು ಕಾರ್ಮಿಕ ಅಧಿಕಾರಿಯ ಬಳಿ ಹೋಗಿದ್ದರೆ, ಡಬ್ಬದಲ್ಲಿ ಗೋಡಂಬಿ ಸಿಕ್ಕಿದ ಸಂಗತಿ ಹಿಂದೆ ಸರಿದು ಈ ಮಾತೇ ಮುಂದೆ ಬರುತ್ತಿತ್ತು.

ಶುಕ್ರವಾರ ಸಂಜೆ ಕಾರ್ಮಿಕ ಕಾನೂನಿನ ಸಲಹೆಗಾರರು ಬಂದರು. ಶನಿವಾರ, ಜುಲೈ 13ರಂದು ಎರಡು ಪತ್ರ ಹೊರಟವು. ಮೊದಲನೆಯದರಲ್ಲಿ, 11 ಮತ್ತು 12ರಂದು ಗೇಟಿನಿಂದ ಕಳುಹಿಸಿದ್ದು ತಪ್ಪು, ಆ ಎರಡು ದಿನದ ಪೂರ್ತಿ ಸಂಬಳ 1,100 ರೂಪಾಯಿ ಕೊಡಲಾಗುವುದು, ಕೆಲಸದಿಂದ ತೆಗೆದಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಎರಡನೆಯದು ವಿಚಾರಣೆ ಮುಗಿಯುವವರೆಗಿನ ಅಮಾನತು ಆದೇಶ. ತಪ್ಪನ್ನು ಕಾಗದದ ಮೇಲೆ ಒಪ್ಪಿಕೊಳ್ಳಲು ಧಣಿಗಳಿಗೆ ಮನಸ್ಸಿರಲಿಲ್ಲ. ಆದರೆ ಮೂರನೇ ದಿನ ಒಪ್ಪಿಕೊಂಡ ತಪ್ಪು ತಿದ್ದುಪಡಿ ಎನಿಸುತ್ತದೆ. ಮೂರು ತಿಂಗಳ ನಂತರ ಎದುರು ಪಕ್ಷದವರು ಬಯಲಿಗೆಳೆದರೆ ಮುಚ್ಚಿಟ್ಟದ್ದು ಎನಿಸುತ್ತದೆ.

ಅಮಾನತಿನಲ್ಲಿ ಇಟ್ಟ ಮೇಲೆ ಜೀವನಾಧಾರ ಭತ್ಯೆ ಕೊಡಲೇಬೇಕು: ಮೊದಲ 90 ದಿನ ಸಂಬಳದ ಅರ್ಧ, ವಿಳಂಬ ಕಾರ್ಮಿಕರಿಂದಾಗಿ ಆಗದಿದ್ದರೆ ಆಮೇಲೆ ಶೇ. 75. ಇಲ್ಲಿ ತಿಂಗಳಿಗೆ 7,150 ರೂಪಾಯಿ. ಉಳಿದವರಿಗೆ ಸಂಬಳ ಆಗುವ ದಿನವೇ, ಅಂದರೆ 7ನೇ ತಾರೀಕಿನೊಳಗೆ, ಬ್ಯಾಂಕ್ ಖಾತೆಗೆ ಹಾಕಬೇಕೆಂದು ಸಲಹೆಗಾರರು ಹಟ ಹಿಡಿದರು. ಹಟಕ್ಕೆ ಕಾರಣವಿದೆ. ಕೋಲಾರದ ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿದ್ದು ಇದನ್ನೇ: ಭತ್ಯೆ ಕೊಡದೆ, ವಿಚಾರಣೆಗೆ ಬರಲು ಬಸ್ಸಿನ ದುಡ್ಡೂ ಇಲ್ಲದಂತೆ ಮಾಡಿ, ಅವರ ಗೈರುಹಾಜರಿಯಲ್ಲಿ ನಡೆಸಿದ ವಿಚಾರಣೆ ನಿಲ್ಲುವುದಿಲ್ಲ.

46 ಕಿಲೋ ಎಲ್ಲಿ ಹೋಯಿತು?

ಮ್ಯಾನೇಜರ್ ಬರೆದ ಮೊದಲ ಆಪಾದನಾ ಪತ್ರ ಹೀಗಿತ್ತು: "ನೀವು ಹಲವು ತಿಂಗಳಿಂದ ಗೋಡಂಬಿ ಕದಿಯುತ್ತಾ ಬಂದು ಕಾರ್ಖಾನೆಗೆ 46 ಕಿಲೋ ನಷ್ಟ ಮಾಡಿರುತ್ತೀರಿ." ಏಪ್ರಿಲ್‌ನಿಂದ ಜೂನ್‌ವರೆಗಿನ ಸ್ಟಾಕ್ ಪುಸ್ತಕದಲ್ಲಿ ಅಷ್ಟು ಕಡಿಮೆ ಬಂದಿತ್ತು ನಿಜ. ಆದರೆ ಆ ಮೂರು ತಿಂಗಳಲ್ಲಿ ಪ್ಯಾಕಿಂಗ್ ವಿಭಾಗದ ಮೂಲಕ ಹಾದುಹೋದ ಮಾಲು 12 ಟನ್.

ಬೋರ್ಮಾದಿಂದ ಹೊರಬರುವ ತಿರುಳಿನಲ್ಲಿ ತೇವಾಂಶ ಶೇ. 3ರ ಆಸುಪಾಸು. ಆಮೇಲೆ ಅದು ಹವೆಯ ನೀರು ಹೀರುತ್ತದೆ. ಪ್ಯಾಕ್ ಮಾಡುವಾಗ ಶೇ. 5ರ ಒಳಗಿರಬೇಕಾದ್ದರಿಂದ ಬೇಕಾದರೆ ಮತ್ತೊಮ್ಮೆ ಒಣಗಿಸುತ್ತಾರೆ. ಗ್ರೇಡಿಂಗ್‌ನಿಂದ ಬರುವಾಗ ಒಮ್ಮೆ ತೂಕ, ಡಬ್ಬಕ್ಕೆ ತುಂಬುವಾಗ ಇನ್ನೊಮ್ಮೆ. ಶೇ. 5 ತೇವಾಂಶದ 12,000 ಕಿಲೋ ತಿರುಳಿನಲ್ಲಿ ಒಣ ಭಾಗ 11,400 ಕಿಲೋ. ಅದೇ ಮಾಲು ಶೇ. 4.6ಕ್ಕೆ ಒಣಗಿದರೆ ಒಟ್ಟು ತೂಕ 11,950 ಕಿಲೋ. ಯಾರೂ ಒಂದು ಬೀಜ ಮುಟ್ಟದೆಯೇ 50 ಕಿಲೋ ಕಡಿಮೆ! ತೇವಾಂಶದ ದಾಖಲೆ ಆ ಮೂರು ತಿಂಗಳಲ್ಲಿ ವಾರಕ್ಕೊಮ್ಮೆ ಮಾತ್ರ ಆಗಿತ್ತು. ಸಾಲದ್ದಕ್ಕೆ ಪ್ಯಾಕಿಂಗ್ ವಿಭಾಗದ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ವಾರ್ಷಿಕ ಮುದ್ರೆಯ ಅವಧಿ ಮುಗಿದಿತ್ತು. ವಿಭಾಗದಲ್ಲಿ ಕೆಲಸ ಮಾಡುವವರೂ ಅವರೊಬ್ಬರೇ ಅಲ್ಲ, 14 ಮಂದಿ.

46 ಕಿಲೋದ ಆಪಾದನೆಯನ್ನು ಪೂರ್ತಿ ಕೈಬಿಡಲಾಯಿತು. ಇದೇ ಈ ಕಡತದ ಅತಿ ಮುಖ್ಯ ತೀರ್ಮಾನ. ಸಂಶಯ ಬಲವಾಗಿದ್ದಾಗ ಎಲ್ಲವನ್ನೂ ಒಟ್ಟಿಗೆ ಸೇರಿಸಿ ಬರೆಯುವ ಆಸೆ ಯಾವ ಮ್ಯಾನೇಜರ್‌ಗೂ ಆಗುತ್ತದೆ. ಆದರೆ ಸಾಬೀತು ಮಾಡಲಾಗದ ದೊಡ್ಡ ಆಪಾದನೆ, ಸಾಬೀತಾಗುವ ಸಣ್ಣ ಆಪಾದನೆಯ ಮೇಲಿನ ನಂಬಿಕೆಯನ್ನೂ ತಿಂದುಹಾಕುತ್ತದೆ. ಜೊತೆಗೆ ಅದು ಅನ್ಯಾಯ: ಮಾಡಿದ ತಪ್ಪಿಗೆ ಉತ್ತರ ಹೇಳಬೇಕಾದವರ ತಲೆಗೆ, ಗಾಳಿಗೆ ಆರಿದ ನೀರಿನ ಲೆಕ್ಕವನ್ನೂ ಕಟ್ಟಿದಂತಾಗುತ್ತದೆ.

ಜುಲೈ 18ರಂದು ಹೋದ ಪತ್ರದಲ್ಲಿ ಒಂದೇ ಆಪಾದನೆ ಇತ್ತು: 10.7.2024ರ ಸಂಜೆ 5.30ಕ್ಕೆ ಮುಖ್ಯ ಗೇಟಿನಲ್ಲಿ, ಅನುಮತಿ ಚೀಟಿ ಇಲ್ಲದೆ, ಕಾರ್ಖಾನೆಗೆ ಸೇರಿದ 1.4 ಕಿಲೋ ಇಡೀ ಗೋಡಂಬಿಯನ್ನು ಟಿಫಿನ್ ಡಬ್ಬದಲ್ಲಿ ಒಯ್ಯುತ್ತಿದ್ದದ್ದು. ಮಾದರಿ ಸ್ಥಾಯಿ ಆದೇಶದ (ಕಾರ್ಖಾನೆಗಳ ಸೇವಾ ನಿಯಮಗಳಿಗೆ ಸರ್ಕಾರ ಕೊಟ್ಟ ಮಾದರಿ) ದುರ್ನಡತೆಯ ಪಟ್ಟಿಯಲ್ಲಿರುವ, ಮಾಲೀಕರ ಸ್ವತ್ತಿಗೆ ಸಂಬಂಧಿಸಿದ ಕಳ್ಳತನ ಮತ್ತು ಅಪ್ರಾಮಾಣಿಕತೆ. ಸಾಕ್ಷಿಗಳ ಪಟ್ಟಿ, ಗೇಟಿನ ಚೀಟಿಯ ಪ್ರತಿ ಜೊತೆಗಿದ್ದವು. ಉತ್ತರಕ್ಕೆ ತಲುಪಿದ ದಿನದಿಂದ 7 ದಿನ. "ನೀವು ಕದ್ದಿರುತ್ತೀರಿ, ಏಕೆ ವಜಾ ಮಾಡಬಾರದು" ಎಂಬ ಧಾಟಿಯ ವಾಕ್ಯವನ್ನು ಸಲಹೆಗಾರರು ಹೊಡೆದುಹಾಕಿದ್ದರು. ವಿಚಾರಣೆಗೆ ಮೊದಲೇ ಶಿಕ್ಷೆಯ ಹೆಸರೆತ್ತಿದರೆ ತೀರ್ಮಾನ ಮೊದಲೇ ಆಗಿತ್ತು ಎಂದಾಗುತ್ತದೆ. ಸಹಿ ಮಾಡಿಸಿಕೊಂಡ ತಪ್ಪೊಪ್ಪಿಗೆಯನ್ನು ಎಲ್ಲಿಯೂ ಬಳಸಲಿಲ್ಲ.

ಜುಲೈ 26ರಂದು ಉತ್ತರ ಬಂತು. ಗೋಡಂಬಿ ತಮ್ಮ ಡಬ್ಬದಲ್ಲಿದ್ದದ್ದನ್ನು ಅವರು ಅಲ್ಲಗಳೆಯಲಿಲ್ಲ. ಆಟಿ ತಿಂಗಳಿಗೆ (ತುಳುವರ ಲೆಕ್ಕದಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮೊದಲು ನೆಲದಿಂದ ಗುಡಿಸಿದ ಚೂರುಗಳನ್ನು ಮನೆಗೆ ಕೊಡುವುದು ಹಿಂದಿನಿಂದಲೂ ನಡೆದುಬಂದದ್ದು, ಮೇಸ್ತ್ರಿ ಒಯ್ಯಿರಿ ಎಂದಿದ್ದರು ಎಂದು ಬರೆದಿದ್ದರು. ಇನ್ನೊಂದು ಮಾತೂ ಇತ್ತು: ಎರಡು ವರ್ಷದ ಹಿಂದೆ ಅದೇ ಮೇಸ್ತ್ರಿ ಎರಡು ಕಿಲೋ ಒಯ್ಯುವಾಗ ಸಿಕ್ಕಿಬಿದ್ದಿದ್ದರು, ಅವರಿಗೆ ಏನೂ ಆಗಲಿಲ್ಲ.

ವಿಚಾರಣೆಯ ಮೂರು ದಿನ

ವಿಚಾರಣಾಧಿಕಾರಿಯಾಗಿ ಮ್ಯಾನೇಜರ್ ಕೂರುವಂತಿರಲಿಲ್ಲ, ಅವರೇ ಸಾಕ್ಷಿ. ಧಣಿಗಳ ಅಳಿಯನ ಹೆಸರೂ ಬಂತು, ಬೇಡವೆಂದಾಯಿತು. ಕಾರ್ಖಾನೆಗೆ ಯಾವ ನಂಟೂ ಇಲ್ಲದ ಉಡುಪಿಯ ವಕೀಲರೊಬ್ಬರನ್ನು ನೇಮಿಸಲಾಯಿತು. ಅವರಿಗೆ ಫೀಸು ಕೊಡುವುದು ಕಾರ್ಖಾನೆಯೇ ಆದರೂ ಅಷ್ಟಕ್ಕೇ ವಿಚಾರಣೆ ಕೆಡುವುದಿಲ್ಲ. ಆಡಳಿತದ ಪರವಾಗಿ ಪ್ರಕರಣ ಮಂಡಿಸಲು ಮಾತ್ರ ವಕೀಲರನ್ನು ಹಾಕಲಿಲ್ಲ: ಆ ಕಡೆ ಕಾನೂನು ತಿಳಿದವರು ನಿಂತರೆ ಕಾರ್ಮಿಕರಿಗೂ ವಕೀಲರನ್ನು ಇಟ್ಟುಕೊಳ್ಳಲು ಬಿಡಬೇಕೆಂದು ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿದೆ. ಲೆಕ್ಕಪತ್ರ ವಿಭಾಗದವರೊಬ್ಬರು ಮಂಡಿಸಿದರು. ಕಾರ್ಮಿಕೆಯ ಪರವಾಗಿ ಅವರ ಯೂನಿಯನ್ ಪದಾಧಿಕಾರಿ ಕುಳಿತರು.

ಆಗಸ್ಟ್ 9, 17 ಮತ್ತು 24ರಂದು ಕಲಾಪ. ಕರಾವಳಿಯಲ್ಲಿ ಇಂಥ ವಿಚಾರಣೆ ಹಾಳಾಗುವ ಒಂದು ಜಾಗವನ್ನು ಪುಸ್ತಕಗಳು ಹೇಳುವುದಿಲ್ಲ. ಸಾಕ್ಷಿ ಮಾತಾಡುವುದು ತುಳುವಿನಲ್ಲಿ, ದಾಖಲಾಗುವುದು ಕನ್ನಡದಲ್ಲಿ. ಮೊದಲ ದಿನವೇ ತೊಡಕಾಯಿತು. ಕಾರ್ಮಿಕೆ "ಯಾನ್ ದೆತ್ತೆ" ಎಂದಾಗ ಬರೆಯುವವರು "ನಾನು ತೆಗೆದುಕೊಂಡೆ" ಎಂದು ಬರೆದರು. ಯೂನಿಯನ್‌ನವರು ಎದ್ದು, ನೆಲದಿಂದ ಎತ್ತಿದೆ ಎನ್ನುವ ಅರ್ಥದಲ್ಲಿ ಹೇಳಿದ್ದು ಎಂದರು. ಒಂದು ಮಾತಿನ ಮೇಲೆ ಒಬ್ಬರ ಅನ್ನ ನಿಂತಿರುವಾಗ ಇದು ಸಣ್ಣ ವಿಷಯವಲ್ಲ. ಅಂದಿನಿಂದ ಮುಖ್ಯ ಮಾತುಗಳನ್ನು ತುಳುವಿನಲ್ಲೇ ಕನ್ನಡ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಕನ್ನಡ ಅರ್ಥ ಕೊಟ್ಟು, ದಿನದ ಕೊನೆಗೆ ಪೂರ್ತಿ ನಡಾವಳಿಯನ್ನು ತುಳುವಿನಲ್ಲಿ ಓದಿ ಹೇಳಿ, ಪ್ರತಿ ಪುಟಕ್ಕೂ ಎರಡೂ ಕಡೆಯ ಸಹಿ ಪಡೆಯಲಾಯಿತು. ಒಂದು ಪ್ರತಿಯನ್ನು ಅಲ್ಲೇ ಅವರ ಕೈಗೆ ಕೊಟ್ಟರು.

ಗೇಟಿನಲ್ಲಿ ಸಹಿ ಹಾಕಿದ್ದ ಇಬ್ಬರಲ್ಲಿ ಒಬ್ಬರು ಪಾಟಿ ಸವಾಲಿನಲ್ಲಿ, ಡಬ್ಬ ತೆರೆದದ್ದನ್ನು ನೋಡಿಲ್ಲ, ತೂಕ ಮಾತ್ರ ನೋಡಿದೆ ಎಂದರು. ಆಡಳಿತದ ಕಡೆಯವರು ಅವರ ಮೇಲೆ ಸಿಟ್ಟಾದರೂ ಆ ಸಾಕ್ಷ್ಯವನ್ನು ಹಾಗೆಯೇ ಇರಗೊಟ್ಟರು. ಎಲ್ಲ ಸಾಕ್ಷಿಗಳೂ ಒಂದೇ ವಾಕ್ಯ ಹೇಳುವ ಕಡತ ನಂಬಿಕೆ ಹುಟ್ಟಿಸುವುದಿಲ್ಲ.

ಗುಡಿಸಿದ ಚೂರು ಎಂಬ ಉತ್ತರವನ್ನು ತೂಗಿ ನೋಡುವ ದಾರಿ ವೃತ್ತಿಯೊಳಗೇ ಇತ್ತು. ಎರಡನೇ ದಿನ ಅರಗಿನ ಮುದ್ರೆಯನ್ನು ಎಲ್ಲರೆದುರು ಒಡೆದು, ಮುದ್ರೆ ಚಾಲ್ತಿಯಲ್ಲಿದ್ದ ಆಫೀಸಿನ ತಕ್ಕಡಿಯಲ್ಲಿ ಒಂದು ಕಿಲೋ ತೂಗಿ ಎಣಿಸಿದರು. ಡಬ್ಲ್ಯೂ-240 ದರ್ಜೆಯೆಂದರೆ ಒಂದು ಪೌಂಡಿಗೆ 220ರಿಂದ 240 ಇಡೀ ತಿರುಳು, ಕಿಲೋಗೆ ಸುಮಾರು 485ರಿಂದ 530. ಎಣಿಕೆಗೆ ಸಿಕ್ಕಿದ್ದು 512, ಒಡೆದದ್ದು ಒಂದೂ ಇಲ್ಲ. ನೆಲದಿಂದ ಗುಡಿಸಿದ್ದರಲ್ಲಿ ಒಂದೇ ದರ್ಜೆಯ ಇಡೀ ತಿರುಳೇ ಇರಲು ಸಾಧ್ಯವಿಲ್ಲ. ಅವರ ಪ್ರತಿನಿಧಿಯೂ ಆ ಎಣಿಕೆಗೆ ಸಹಿ ಹಾಕಿದರು.

ಮೇಸ್ತ್ರಿಯನ್ನು ಸಾಕ್ಷಿಯಾಗಿ ಕರೆಸಬೇಕೆಂದು ಕಾರ್ಮಿಕೆ ಕೇಳಿದರು. ಆಡಳಿತಕ್ಕೆ ಇಷ್ಟವಿರಲಿಲ್ಲ. ವಿಚಾರಣಾಧಿಕಾರಿ ಕರೆಸಿದರು, ಅದು ಸರಿ. ರಕ್ಷಣೆಯ ಸಾಕ್ಷಿಯನ್ನು ತಡೆದ ವಿಚಾರಣೆ ನ್ಯಾಯಾಲಯದಲ್ಲಿ ಮೊದಲ ಪ್ರಶ್ನೆಗೇ ಬೀಳುತ್ತದೆ. ಚೂರು ಕೊಡುವ ರೂಢಿ ಇದೆ, ಇಡೀ ಗೋಡಂಬಿ ಒಯ್ಯಲು ಹೇಳಿಲ್ಲ ಎಂದು ಮೇಸ್ತ್ರಿ ಹೇಳಿದರು. ಎರಡು ವರ್ಷದ ಹಿಂದೆ ತಾವೂ ಸಿಕ್ಕಿಬಿದ್ದದ್ದು ಹೌದೆಂದು ಒಪ್ಪಿಕೊಂಡರು. ಧಣಿಗಳು ಬಾಯಿಮಾತಿನಲ್ಲಿ ಬೈದು ಬಿಟ್ಟಿದ್ದರು, ಕಾಗದವಿಲ್ಲ.

ವರದಿ ಸೆಪ್ಟೆಂಬರ್ 9ರಂದು ಬಂತು: ಆಪಾದನೆ ಸಾಬೀತು, ರೂಢಿಯ ಸಮರ್ಥನೆ ಇಡೀ ತಿರುಳಿಗೆ ಅನ್ವಯಿಸದು. ವರದಿಯ ಪ್ರತಿಯನ್ನು ಕೊಟ್ಟು ಅದರ ಮೇಲೆ ಅವರು ಹೇಳುವುದನ್ನು ಕೇಳುವುದು ಕಡ್ಡಾಯ, ಸುಪ್ರೀಂ ಕೋರ್ಟಿನ 1993ರ ಕರುಣಾಕರ್ ಪ್ರಕರಣದಿಂದ ಇದು ಇತ್ಯರ್ಥವಾದ ನಿಯಮ. ಹತ್ತು ದಿನ ಕೊಡಲಾಯಿತು. ಆಮೇಲೆ ಶಿಕ್ಷೆಯ ಬಗ್ಗೆ ಎರಡನೇ ನೋಟಿಸು.

ಶಿಕ್ಷೆ ಎಷ್ಟು?

ಈ ಪ್ರಶ್ನೆಗೆ ಹತ್ತಿರದ ಉತ್ತರ ದಕ್ಷಿಣ ಕನ್ನಡದ್ದೇ. ಸಹಕಾರಿ ಮಳಿಗೆಯಾದ ಜನತಾ ಬಜಾರ್‌ನ ಪ್ರಕರಣದಲ್ಲಿ ಮಾಲಿನ ದುರುಪಯೋಗ ಸಾಬೀತಾಗಿದ್ದರೂ ಕಾರ್ಮಿಕ ನ್ಯಾಯಾಲಯ ನೌಕರರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಲು ಹೇಳಿತ್ತು. 2000ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ: ದುರುಪಯೋಗ ಸಾಬೀತಾದ ಮೇಲೆ ಮೊತ್ತ ಸಣ್ಣದೋ ದೊಡ್ಡದೋ ಎಂದು ನೋಡಿ ಅನುಕಂಪ ತೋರಬೇಕಾಗಿಲ್ಲ. ಹಾಗಾಗಿ 1,120 ರೂಪಾಯಿಯ ಮಾಲಿಗೂ ವಜಾ ಕಾನೂನುಬದ್ಧ.

ಆದರೂ ಇಲ್ಲಿ ವಜಾ ಬಿಗಿಯಾಯಿತೆಂದೇ ನಮ್ಮ ಅಭಿಪ್ರಾಯ. ಶಿಕ್ಷೆ ವಿಧಿಸುವಾಗ ತಪ್ಪಿನ ತೂಕ, ಹಿಂದಿನ ಸೇವೆ, ತಪ್ಪನ್ನು ಹಗುರಗೊಳಿಸುವ ಸಂಗತಿ ಮೂರನ್ನೂ ಪರಿಗಣಿಸಿದ್ದು ಆದೇಶದಲ್ಲಿ ಕಾಣಬೇಕು. ಹನ್ನೆರಡು ವರ್ಷಕ್ಕೆ ಹತ್ತಿರದ ಕಲೆಯಿಲ್ಲದ ಸೇವೆಯನ್ನು ಬದಿಗಿಟ್ಟರೂ ಮೇಸ್ತ್ರಿಯ ಸಂಗತಿಯನ್ನು ಬದಿಗಿಡಲಾಗದು. ಮೇಲಿನವರು ಎರಡು ಕಿಲೋ ಒಯ್ದಾಗ ಬೈಗುಳ, ಕೆಳಗಿನವರು 1.4 ಕಿಲೋ ಒಯ್ದಾಗ ವಜಾ ಎಂದರೆ, ಕೈಗಾರಿಕಾ ವಿವಾದ ಕಾಯ್ದೆಗೆ 1971ರ ತಿದ್ದುಪಡಿಯಿಂದ ಬಂದ 11ಎ ಕಲಮಿನಡಿ ಶಿಕ್ಷೆಯನ್ನು ಇಳಿಸುವ ಅಧಿಕಾರ ಇದ್ದ ನ್ಯಾಯಾಲಯಕ್ಕೆ ಬೇರೆ ಕಾರಣ ಬೇಕಾಗದು. ಎರಡು ವಾರ್ಷಿಕ ವೇತನ ಬಡ್ತಿ ತಡೆಹಿಡಿದಿದ್ದರೂ ಸಾಕಾಗುತ್ತಿತ್ತು. ಧಣಿಗಳು ವಜಾವನ್ನೇ ಆರಿಸಿದರು.

ಆದೇಶ ಹೊರಡುವ ಮೊದಲು ಸಲಹೆಗಾರರು ಒಂದು ಪ್ರಶ್ನೆ ಕೇಳಿದರು: ಯಾವುದಾದರೂ ಕೈಗಾರಿಕಾ ವಿವಾದ ಬಾಕಿ ಇದೆಯೇ? ಇತ್ತು, ಹಿಂದಿನ ವರ್ಷದ ಬೋನಸ್ ಬೇಡಿಕೆ ಸಂಧಾನಾಧಿಕಾರಿಯ ಮುಂದಿತ್ತು. ಹಾಗಿದ್ದಾಗ ಅದೇ ಕಾಯ್ದೆಯ 33(2)(ಬಿ) ಕಲಮಿನಂತೆ ಒಂದು ತಿಂಗಳ ಸಂಬಳ ಕೊಡಬೇಕು, ವಜಾಕ್ಕೆ ಒಪ್ಪಿಗೆ ಕೋರುವ ಅರ್ಜಿಯನ್ನು ಅದೇ ಅಧಿಕಾರಿಗೆ ಸಲ್ಲಿಸಬೇಕು, ಎಲ್ಲವೂ ಒಂದೇ ವ್ಯವಹಾರದ ಭಾಗವಾಗಿರಬೇಕು. ಒಪ್ಪಿಗೆ ಇಲ್ಲದ ವಜಾ ಇಲ್ಲವೇ ಇಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಒಳ್ಳೆಯ ವಿಚಾರಣೆ ನಡೆಸಿಯೂ ಈ ಒಂದು ಪ್ರಶ್ನೆ ಕೇಳದೆ ಸೋಲುವವರಿದ್ದಾರೆ. ಅಕ್ಟೋಬರ್ 8ರಂದು ಆದೇಶ, 14,300 ರೂಪಾಯಿ, ಅರ್ಜಿ ಮೂರೂ ಒಂದೇ ದಿನ ಹೊರಟವು. ಅಮಾನತಾಗಿ ಅಂದಿಗೆ 87 ದಿನ.

ಗ್ರಾಚ್ಯುಟಿಯನ್ನು ಮುಟ್ಟುಗೋಲು ಹಾಕಬೇಕೆಂಬ ಮಾತೂ ಎದ್ದಿತ್ತು. ನೈತಿಕ ಅಧಃಪತನದ ಕೃತ್ಯ ಕೆಲಸದ ವೇಳೆ ನಡೆದು ಅದಕ್ಕಾಗಿ ವಜಾ ಆದರೆ ಪೂರ್ತಿಯಾಗಿ ಅಥವಾ ಭಾಗಶಃ ತಡೆಹಿಡಿಯಲು 1972ರ ಗ್ರಾಚ್ಯುಟಿ ಕಾಯ್ದೆ ಅವಕಾಶ ಕೊಡುತ್ತಿತ್ತು. ಅದಕ್ಕೆ ಕ್ರಿಮಿನಲ್ ಶಿಕ್ಷೆಯೇ ಆಗಿರಬೇಕಿಲ್ಲವೆಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅದು ತಾನಾಗಿ ಆಗುವುದಲ್ಲ. ಬೇರೆ ನೋಟಿಸು, ಬೇರೆ ಕಾರಣಸಹಿತ ಆದೇಶ ಬೇಕು. 1,120 ರೂಪಾಯಿಯ ಮಾಲನ್ನು ಗೇಟಿನಲ್ಲೇ ಹಿಂದಕ್ಕೆ ಪಡೆದಿದ್ದ ಕಾರ್ಖಾನೆ ಆ ಗೋಜಿಗೆ ಹೋಗಲಿಲ್ಲ. 11 ವರ್ಷ 11 ತಿಂಗಳ ಸೇವೆ 12 ವರ್ಷವಾಗಿ ಲೆಕ್ಕಕ್ಕೆ ಬರುತ್ತದೆ: 14,300ನ್ನು 26ರಿಂದ ಭಾಗಿಸಿ, 15ರಿಂದ, ಮತ್ತೆ 12ರಿಂದ ಗುಣಿಸಿದರೆ 99,000 ರೂಪಾಯಿ. 30 ದಿನದೊಳಗೆ ಕೊಡಬೇಕು. ಭವಿಷ್ಯ ನಿಧಿಯನ್ನಂತೂ ಯಾವ ಮಾಲೀಕರೂ ತಡೆಯುವಂತಿಲ್ಲ.

ಕಾರ್ಮಿಕೆ ವಜಾವನ್ನು ಪ್ರಶ್ನಿಸಿದರು, ಸಂಧಾನ ಸಭೆ ಕೂಡಿತು. ಯೂನಿಯನ್‌ನವರು ಕಡತವನ್ನು ಪೂರ್ತಿ ಓದಿ ವಿಚಾರಣೆಯಲ್ಲಿ ಹುಳುಕು ಹುಡುಕಲಿಲ್ಲ. ಮೇಸ್ತ್ರಿಯ ಪ್ರಶ್ನೆಯೊಂದನ್ನೇ ಮೇಜಿನ ಮೇಲಿಟ್ಟರು. ಕಾರ್ಖಾನೆಯ ಬಳಿ ಉತ್ತರವಿರಲಿಲ್ಲ. ಎರಡನೇ ಸಭೆಯಲ್ಲಿ ಒಪ್ಪಂದವಾಯಿತು: ವಜಾ ಆದೇಶವನ್ನು ಕಳಂಕವಿಲ್ಲದ ಸರಳ ಬಿಡುಗಡೆಯಾಗಿ ಬದಲಿಸುವುದು, ಗ್ರಾಚ್ಯುಟಿ ಪೂರ್ತಿ, ಕೊಟ್ಟ ಒಂದು ತಿಂಗಳ ಸಂಬಳ ಅವರಿಗೇ, ಕಳ್ಳತನಕ್ಕಾಗಿ ವಜಾ ಆದವರಿಗೆ ತಪ್ಪಿಹೋಗುವ ಆ ವರ್ಷದ ಬೋನಸ್ಸೂ ಸೇರಿ. ಸೇವಾ ಪ್ರಮಾಣಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ ಮಾತ್ರ. ಸುತ್ತಮುತ್ತಲ ಕಾರ್ಖಾನೆಗಳಲ್ಲಿ ಅವರಿಗೆ ಮತ್ತೆ ಕೆಲಸ ಸಿಗಬೇಕಾದರೆ ಆ ಕಾಗದ ಬೇಕಿತ್ತು.

ಈಗ ಬದಲಾದದ್ದು

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧ ಸಂಹಿತೆ ಜಾರಿಯಲ್ಲಿದೆ. ಕರ್ನಾಟಕದಲ್ಲಿ 50 ಕಾರ್ಮಿಕರಿದ್ದರೆ ಸ್ಥಾಯಿ ಆದೇಶ ಅನ್ವಯಿಸುತ್ತಿತ್ತು, ಈಗ ಆ ಮಿತಿ 300. ಈ 140 ಮಂದಿಯ ಕಾರ್ಖಾನೆ ಮಿತಿಯ ಹೊರಗೆ ಬೀಳುತ್ತದೆ. ಅದನ್ನು ಬಿಡುಗಡೆ ಎಂದುಕೊಂಡರೆ ಕಷ್ಟ. ಯಾವುದು ದುರ್ನಡತೆ, ಅದಕ್ಕೆ ಯಾವ ಶಿಕ್ಷೆ ಎಂಬ ಸಿದ್ಧ ಪಟ್ಟಿ ಕೈತಪ್ಪುತ್ತದೆ. ನೇಮಕಾತಿ ಪತ್ರದ ಜೊತೆ ಕನ್ನಡದಲ್ಲಿ ಸೇವಾ ನಿಯಮ ಬರೆದು ಸಹಿ ಪಡೆಯದಿದ್ದರೆ ಆಪಾದನಾ ಪತ್ರದಲ್ಲಿ ಯಾವ ನಿಯಮ ಉಲ್ಲಂಘನೆಯಾಯಿತು ಎಂದು ಬರೆಯಲು ಏನೂ ಇರುವುದಿಲ್ಲ. ಕೇಳದೆ ಶಿಕ್ಷಿಸಬಾರದೆಂಬ ಸಹಜ ನ್ಯಾಯದ ತತ್ವವೂ, ಶಿಕ್ಷೆಯನ್ನು ತೂಗಿ ನೋಡುವ ನ್ಯಾಯಮಂಡಳಿಯ ಅಧಿಕಾರವೂ ಹಾಗೆಯೇ ಉಳಿದಿವೆ. 300ರ ಮಿತಿಗೆ ಒಳಪಡುವ ಕಡೆ, ಸಂಹಿತೆಯ ಸ್ಥಾಯಿ ಆದೇಶದ ಅಧ್ಯಾಯದಂತೆ, ಅಮಾನತಾದ ದಿನದಿಂದ ಸಾಮಾನ್ಯವಾಗಿ 90 ದಿನದೊಳಗೆ ವಿಚಾರಣೆ ಮುಗಿಯಬೇಕು. ತೆಗೆದುಹಾಕಿದವರ ಬಾಕಿ ಸಂಬಳವನ್ನು ವೇತನ ಸಂಹಿತೆಯಂತೆ ಎರಡು ಕೆಲಸದ ದಿನಗಳೊಳಗೆ ಕೊಡಬೇಕು.

ಕಾರ್ಖಾನೆಯೊಳಗೆ ಆದ ಬದಲಾವಣೆಗಳು ಸಣ್ಣವು. ತೇವಾಂಶವನ್ನು ಎರಡೂ ತೂಕದ ಹೊತ್ತಿಗೆ, ಪ್ರತಿ ಲಾಟ್‌ಗೂ ಬರೆಯುತ್ತಾರೆ. ತಕ್ಕಡಿಯ ಮುದ್ರೆಯ ದಿನಾಂಕ ಗೋಡೆಯ ಮೇಲಿದೆ. ಆಟಿಗೆ ಚೂರು ಕೊಡುವ ರೂಢಿ ಮುಂದುವರಿದಿದೆ, ತಲಾ ಅರ್ಧ ಕಿಲೋ, ಹೆಸರು ಬರೆದ ಚೀಟಿಯೊಂದಿಗೆ. ಆ ಚೀಟಿ ಮೇಸ್ತ್ರಿಗೂ ಬೇಕು, ಮ್ಯಾನೇಜರ್‌ಗೂ ಬೇಕು, ಗೇಟಿನಲ್ಲಿ ಅವರ ಚೀಲವನ್ನೂ ನೋಡುತ್ತಾರೆ.